ನೀಲಗಾರನ ತಂಬೂರಿ ಮತ್ತು ನಮ್ಮ ಭಕ್ತಿಗೀತೆ

ಜಾನಪದ ಗಾಯಕನೊಬ್ಬನು ಬಾಳಿನ ಒಂದು ಘಟ್ಟದಲ್ಲಿ ಭಕ್ತಿಸಂಗೀತದ ಕಡೆಗೆ ತಿರುಗಿದನೆಂಬ ಮಾತನ್ನು ನಾವು ಆಗಾಗ ಓದುತ್ತೇವೆ. ಮೆಚ್ಚುಗೆಯ ಮಾತೇ ಅದು. ಆದರೆ ಅದರ ಹಿಂದೆ ಒಂದು ಗ್ರಹಿಕೆ ಅಡಗಿದೆ: ಜಾನಪದವು ಲೌಕಿಕ, ಭಕ್ತಿಗೀತೆಯು ಅಲೌಕಿಕ, ಮೊದಲನೆಯದರಿಂದ ಎರಡನೆಯದಕ್ಕೆ ಸಾಗುವುದು ಏರುಮುಖದ ಪ್ರಯಾಣ. ಪೌಲನ ದಮಸ್ಕದ ದಾರಿಯನ್ನು ಎಲ್ಲ ಬಾಳಿಗೂ ಮಾದರಿಯಾಗಿಟ್ಟುಕೊಂಡ ನಮಗೆ, ಅಂದರೆ ವೇದಪಾಠಶಾಲೆಗಳಲ್ಲಿ ಕಲಿತು ಸಭೆಗಳಲ್ಲಿ ಸೇವೆ ಮಾಡುವವರಿಗೆ, ಇಂಥ ತಿರುವಿನ ಕಥೆ ಸಹಜವಾಗಿಯೇ ಪ್ರಿಯವಾಗುತ್ತದೆ. ಚಾಮರಾಜನಗರದ ಸೀಮೆಯ ಹಾಡುಗಾರಿಕೆಯನ್ನು ಈ ಅಳತೆಗೋಲಿನಿಂದ ಅಳೆಯಲು ಹೊರಟರೆ ಅಳತೆಗೋಲೇ ಮುರಿಯುತ್ತದೆ ಎಂಬುದು ನನ್ನ ವಾದ. ಮುರಿಯುವುದು ಒಳ್ಳೆಯದೂ ಹೌದು.

ಚಾಮರಾಜನಗರ ತಾಲೂಕಿನ ಉಮ್ಮತ್ತೂರು ಚರಿತ್ರೆಯ ಪುಸ್ತಕಗಳಲ್ಲಿ ಸೋತ ರಾಜ್ಯವಾಗಿ ಕಾಣಿಸಿಕೊಳ್ಳುತ್ತದೆ. ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲಿಯೇ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ಹಿಡಿದನು. ಅರಸುಗಳ ಕಥೆ ಅಲ್ಲಿಗೆ ಮುಗಿಯಿತು. ಈ ಸೀಮೆಯ ಜನರ ನಾಲಗೆಯ ಮೇಲೆ ಉಳಿದಿರುವ ಕಥೆ ಬೇರೆ. ಪೂರ್ವಕ್ಕೆ ಮಲೆ ಮಹದೇಶ್ವರನ ಏಳು ಮಲೆಗಳು. ಕೊಳ್ಳೇಗಾಲದ ಆಚೆ ಸಿದ್ಧಪ್ಪಾಜಿಯ ಚಿಕ್ಕಲ್ಲೂರು. ಮಳವಳ್ಳಿಯ ಕಡೆ ಮಂಟೇಸ್ವಾಮಿಯ ಪರಂಪರೆಯ ಬೊಪ್ಪೇಗೌಡನಪುರದ ಮಠ. ಈ ನೆಲೆಗಳಿಗೆ ಒಕ್ಕಲಾದ ಮನೆಗಳು ಉಮ್ಮತ್ತೂರಿನ ಸುತ್ತಣ ಊರುಗಳಲ್ಲಿಯೂ ಗುಂಡ್ಲುಪೇಟೆಯ ಕಡೆಯಲ್ಲಿಯೂ ಹರಡಿಕೊಂಡಿವೆ. ಆ ಮನೆಗಳ ಬಾಗಿಲಿಗೆ ಬರುವ ಹಾಡುಗಾರರು ಇಬ್ಬರು: ಕಂಚಿನ ಕಂಸಾಳೆ ಹಿಡಿದ ಮಾದಪ್ಪನ ದೇವರಗುಡ್ಡ, ತಂಬೂರಿ ಹಿಡಿದ ಮಂಟೇಸ್ವಾಮಿಯ ನೀಲಗಾರ.

ಇವರು ಹಾಡುಗಾರರಾದದ್ದು ಹೇಗೆ? ಕಂಠ ಚೆನ್ನಾಗಿದೆಯೆಂದು ಯಾರೂ ಇವರನ್ನು ಆರಿಸಲಿಲ್ಲ. ಮಕ್ಕಳಾಗದ ತಾಯಿಯೊಬ್ಬಳು ಹರಕೆ ಹೊರುತ್ತಾಳೆ. ಹುಟ್ಟಿದ ಮಗನನ್ನು ಗುಡ್ಡನನ್ನಾಗಿ ಬಿಡುತ್ತಾಳೆ. ಅಥವಾ ಮನೆತನದಲ್ಲಿ ಒಬ್ಬನು ದೀಕ್ಷೆ ಪಡೆಯಬೇಕೆಂಬ ಕಟ್ಟು ತಲೆಮಾರಿನಿಂದ ನಡೆದು ಬಂದಿರುತ್ತದೆ. ಗುರುಮನೆಯಲ್ಲಿ ದೀಕ್ಷೆಯಾದ ಮೇಲೆ ಭಿಕ್ಷೆಗೆ ಹೋಗುವುದು ಅವನ ಕರ್ತವ್ಯ. ಹಾಡು ಆ ಭಿಕ್ಷೆಯ ಭಾಗ. ಅನ್ನಾ ತನ್ನ ಮಗ ಸಮುವೇಲನನ್ನು ಶೀಲೋವಿನ ಆಲಯಕ್ಕೆ ಒಪ್ಪಿಸಿದ ಕಥೆಯನ್ನು (1 ಸಮುವೇಲ 1) ಬಲ್ಲವರಿಗೆ ಈ ಹರಕೆಯ ವಿಷಯ ಅಪರಿಚಿತವೆನಿಸಬಾರದು. ಇಂಥವನು ‘ಭಕ್ತಿಸಂಗೀತದ ಕಡೆಗೆ ತಿರುಗಿದನು’ ಎನ್ನುವುದರಲ್ಲಿ ಅರ್ಥವಿಲ್ಲ. ಅವನು ಹುಟ್ಟುವ ಮೊದಲೇ ಅವನ ಹಾಡು ಒಂದು ಮಾತಿಗೆ ಕಟ್ಟುಬಿದ್ದಿತ್ತು.

ಹಾಗಾದರೆ ತಿರುಗಿದ್ದು ಏನು? ಏಕೆಂದರೆ ಏನೋ ತಿರುಗಿದ್ದಂತೂ ನಿಜ. ಇಂದು ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ, ಮುಂಜಾನೆಯ ಗುಡಿಯ ಧ್ವನಿವರ್ಧಕದಲ್ಲಿ, ಮೊಬೈಲುಗಳಲ್ಲಿ ಕೇಳಿಬರುವ ಮಾದಪ್ಪನ ಹಾಡು ದೇವರಗುಡ್ಡನು ಇರುಳೆಲ್ಲ ಹಾಡುತ್ತಿದ್ದ ಹಾಡಲ್ಲ. ನಾಲ್ಕೈದು ನಿಮಿಷದ ಭಕ್ತಿಗೀತೆ ಅದು. ಪಲ್ಲವಿ, ಎರಡು ಮೂರು ಚರಣ, ನಡುವೆ ಕೀಬೋರ್ಡು, ಅಲ್ಲಲ್ಲಿ ಕಂಸಾಳೆಯ ಸದ್ದು. ರಾಗದ ಎಳೆ ಹಳೆಯದೇ, ದೇವರ ಹೆಸರೂ ಅದೇ. ಹೋದದ್ದು ಕಥೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವ ಸುಲಭದ ವಿಮರ್ಶೆ ನಮ್ಮಲ್ಲಿ ಬಹಳವಿದೆ. ಮಹದೇಶ್ವರನ ಕಾವ್ಯವು ‘ಸಾಲು’ಗಳಾಗಿ ಹಂಚಿಕೊಂಡಿದೆ: ಶ್ರವಣಾಸುರನದು ಒಂದು, ಆಲಂಬಾಡಿ ಜುಂಜೇಗೌಡನದು ಒಂದು, ಶರಣೆ ಸಂಕಮ್ಮನದು ಒಂದು. ಕ್ಯಾಸೆಟ್ಟಿನ ಕಾಲ ಬಂದಾಗ ಒಂದು ಸಾಲಿನ ಮುಖ್ಯ ಕಥೆಯನ್ನಾದರೂ ಅದರ ಎರಡು ಬದಿಗಳಲ್ಲಿ ಹಿಡಿಸಲು ಸಾಧ್ಯವಿತ್ತು. ಮಳವಳ್ಳಿ ಮಹದೇವಸ್ವಾಮಿಯವರಂಥ, ಮೈಸೂರು ಗುರುರಾಜರಂಥ ಗಾಯಕರ ಧ್ವನಿಮುದ್ರಿಕೆಗಳು ಈ ಸೀಮೆಯಲ್ಲಿ ಮನೆಮಾತಾದದ್ದು ಅವು ಕಥೆ ಹೇಳಿದ್ದರಿಂದ. ಹಾಡಿನ ನಡುವೆ ಮಾತು, ಮಾತಿನ ನಡುವೆ ನಗೆ, ಹಿಮ್ಮೇಳದವರ ಹೂಂಗುಡುವಿಕೆ ಎಲ್ಲವೂ ಅಲ್ಲಿ ಉಳಿದವು. ಧ್ವನಿಮುದ್ರಣವು ನೀಲಗಾರನನ್ನು ಅವನ ಕೇಳುಗರಿಂದ ದೂರಮಾಡಿತೆಂಬುದು ದಿಟ. ಅವನ ಬಾಯಿಂದ ಕಥೆಯನ್ನು ಕಿತ್ತುಕೊಳ್ಳಲಿಲ್ಲ ಎಂಬುದೂ ಅಷ್ಟೇ ದಿಟ. ಕಿತ್ತುಕೊಂಡದ್ದು ‘ಭಕ್ತಿಗೀತೆ’ ಎಂಬ ಪ್ರಕಾರ. ದೇವರನ್ನು ಕುರಿತು ಜನರಿಗೆ ಹೇಳುತ್ತಿದ್ದವನನ್ನು ಅದು ಜನರ ಪರವಾಗಿ ದೇವರನ್ನು ಹೊಗಳುವವನನ್ನಾಗಿ ಮಾಡಿತು. ಹೊಗಳಿಕೆಗೆ ಕಥೆ ಬೇಕಾಗಿಲ್ಲ, ವಿಶೇಷಣಗಳು ಸಾಕು.

ಕಥೆ ಹೋದರೆ ಏನು ಹೋಗುತ್ತದೆಂಬುದನ್ನು ತಿಳಿಯಲು ಮುದ್ರಿತ ಪಠ್ಯಗಳಿಗೆ ಹೋಗಬೇಕು. ಪಿ. ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಹೊರಬಂತು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಪ್ರಕಟಿಸಿತು. ಈ ಪಠ್ಯಗಳನ್ನು ಓದಿದ ಯಾವ ದೇವಶಾಸ್ತ್ರದ ವಿದ್ಯಾರ್ಥಿಯೂ ಇವನ್ನು ಸ್ತುತಿಗೀತೆಗಳ ಸಂಕಲನವೆಂದು ಕರೆಯಲಾರನು.

ಸಂಕಮ್ಮನ ಸಾಲನ್ನೇ ನೋಡೋಣ. ಗಂಡ ನೀಲೇಗೌಡ ಜೇನು ಮಲೆಗೆ ಹೊರಟಿದ್ದಾನೆ. ತಾನಿಲ್ಲದ ದಿನಗಳಲ್ಲಿ ಶೀಲವಾಗಿರುವೆನೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದವಳಿಂದ ಭಾಷೆ ಏಕೆ ಬೇಕು? ಈ ನಿರಾಕರಣೆಗಾಗಿ ಅವಳಿಗೆ ಸಿಗುವ ಶಿಕ್ಷೆ ಕ್ರೂರವಾದದ್ದು. ಆ ಬಂಧನದಲ್ಲಿರುವವಳ ಬಾಗಿಲಿಗೆ ಮಾದಪ್ಪನು ಭಿಕ್ಷೆಗೆ ಬಂದ ಜಂಗಮನಾಗಿ ಬಂದು ನಿಲ್ಲುತ್ತಾನೆ. ಅವಳಿಗೆ ಅವಳಿ ಮಕ್ಕಳಾಗುವ ವರ ಸಿಗುತ್ತದೆ. ಹಿಂದಿರುಗಿದ ಗಂಡನ ಸಂಶಯ ಮತ್ತೆ ಅವಳ ಮೇಲೆಯೇ ಎರಗುತ್ತದೆ. ಅರಣ್ಯಕಾಂಡದ 5ನೆಯ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಿರಿ. ಅಲ್ಲಿಯೂ ಗಂಡನ ಸಂಶಯ, ಹೆಂಡತಿಗೆ ಪರೀಕ್ಷೆ. ಯಾಜಕನು ಕಹಿನೀರು ಕುಡಿಸಿ ಶಾಪದ ಮಾತನ್ನು ಓದುತ್ತಾನೆ. ಅವಳು ‘ಆಮೆನ್’ ಎನ್ನಬೇಕು. ಆ ಅಧ್ಯಾಯದಲ್ಲಿ ಅವಳ ಬಾಯಿಂದ ಬರುವುದು ಆ ಒಂದೇ ಪದ, ಅದನ್ನು ಎರಡು ಸಾರಿ ಹೇಳಿದರೂ. ದೇವರಗುಡ್ಡನ ಹಾಡಿನಲ್ಲಿ ಸಂಕಮ್ಮ ಅಷ್ಟೊಂದು ಸುಲಭವಾಗಿ ಒಪ್ಪುವುದಿಲ್ಲ. ಅವಳ ವಾದವನ್ನು ಕೇಳುಗರು ಗಂಟೆಗಟ್ಟಲೆ ಕೇಳುತ್ತಾರೆ. ನಮ್ಮ ಆರಾಧನೆಯ ಪಾಠಪಟ್ಟಿಗಳು ಅರಣ್ಯಕಾಂಡದ ಆ ಭಾಗವನ್ನು ಮೌನವಾಗಿ ದಾಟಿಹೋಗುತ್ತವೆ. ಮಾದಪ್ಪನ ಒಕ್ಕಲು ಸಂಕಮ್ಮನ ಸಾಲನ್ನು ದಾಟಿಹೋಗಲಿಲ್ಲ.

ಈ ಸಾಲಿಗೆ ಸೇರಿದ ‘ಕೋಲುಮಂಡೆ’ ಹಾಡಿನ ಪಯಣವನ್ನು ಇಲ್ಲಿ ನೆನೆಯಬೇಕು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಅದನ್ನು ಹಾಡಿದ ಎಲ್. ಎನ್. ಶಾಸ್ತ್ರಿ ಅವರಿಗೆ ಆ ವರ್ಷದ ರಾಜ್ಯ ಪ್ರಶಸ್ತಿ ದೊರೆಯಿತು. ಮಾದಪ್ಪನ ಬೆಟ್ಟವನ್ನು ಕಾಣದವರಿಗೂ ಆ ಹಾಡು ಪರಿಚಯವಾಯಿತು. 2020ರಲ್ಲಿ ಅದೇ ಹಾಡು ರ್‍ಯಾಪ್ ರೂಪದಲ್ಲಿ ದೃಶ್ಯಗಳೊಂದಿಗೆ ಬಂದಾಗ ಸಂಕಮ್ಮನನ್ನು ತೋರಿಸಿದ ಬಗೆಗೆ ಭಕ್ತರು ಆಕ್ಷೇಪವೆತ್ತಿದರು. ಗಾಯಕರು ಕ್ಷಮೆ ಕೇಳಬೇಕಾಯಿತು. ಆಗ ಪತ್ರಿಕೆಗಳಲ್ಲಿ ನಡೆದ ಚರ್ಚೆಯು ಬಹುಮಟ್ಟಿಗೆ ಭಾವನೆಗಳಿಗೆ ನೋವಾಯಿತೇ ಎಂಬ ಪ್ರಶ್ನೆಯ ಸುತ್ತಲೇ ಸುತ್ತಿತು. ನನಗೆ ತೋರುವಂತೆ ಅದಕ್ಕಿಂತ ಆಳದ ಸಂಗತಿ ಬೇರೆಯಿತ್ತು. ಹಾಡನ್ನು ಸಾಲಿನಿಂದ ಬೇರ್ಪಡಿಸಿದ ದಿನವೇ ಸಂಕಮ್ಮ ತನ್ನ ವಾದವನ್ನು ಕಳೆದುಕೊಂಡಿದ್ದಳು. ವಾದವನ್ನು ಕಳೆದುಕೊಂಡ ಹೆಣ್ಣನ್ನು ಒಬ್ಬರು ಪೂಜೆಗೆ ನಿಲ್ಲಿಸಿದರು, ಇನ್ನೊಬ್ಬರು ನೋಟಕ್ಕೆ ನಿಲ್ಲಿಸಿದರು. ಪೂಜೆಯು ನೋಟಕ್ಕಿಂತ ಗೌರವಯುತವೇ ಸರಿ. ಅವಳ ಮಾತು ಎರಡರಲ್ಲಿಯೂ ಕೇಳಿಸಲಿಲ್ಲ.

ಮಂಟೇಸ್ವಾಮಿಯ ಕಾವ್ಯದ ಕಲ್ಯಾಣದ ಭಾಗವು ನಮಗೆ ಇನ್ನೂ ಹತ್ತಿರದ್ದು, ಹತ್ತಿರವಿರುವುದರಿಂದಲೇ ಅಪಾಯದ್ದು. ಲಕ್ಷಾಂತರ ಜಂಗಮರಿಗೆ ದಾಸೋಹ ನಡೆಯುವ ಬಸವಣ್ಣನ ಕಲ್ಯಾಣಕ್ಕೆ ಧರೆಗೆ ದೊಡ್ಡವರಾದ ಗುರು ಬರುವುದು ಕುಷ್ಠ ಹತ್ತಿದ ಮೈಯಲ್ಲಿ. ಗಾಯಗಳ ಸುತ್ತ ನೊಣ, ತಡೆಯಲಾರದ ನಾತ. ಬಾಗಿಲಲ್ಲಿ ಅವನಿಗೆ ಸಿಗುವುದು ತಿರಸ್ಕಾರ. ಅವನು ಕೂರುವುದು ತಿಪ್ಪೆಯ ಮೇಲೆ. ಶರಣರೆನಿಸಿಕೊಂಡವರು ಮೂಗು ಮುಚ್ಚಿಕೊಂಡು ಸರಿಯುತ್ತಾರೆ. ಈ ಹಾಡನ್ನು ಹೊತ್ತು ತಂದ ನೀಲಗಾರರಲ್ಲಿ ಬಹುಪಾಲು ಜನರು ಊರಾಚೆಯ ಕೇರಿಗಳವರೆಂಬುದನ್ನು ನೆನಪಿಟ್ಟುಕೊಂಡರೆ, ಯಾರ ಮೂಗು ಯಾರ ಮುಂದೆ ಮುಚ್ಚಿಕೊಂಡಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯೋಬನೂ ಬೂದಿಯ ನಡುವೆ ಕುಳಿತನು (ಯೋಬ 2:8), ಮೈಯೆಲ್ಲ ಹುಣ್ಣಾಗಿ. ಅಲ್ಲಿ ಪರೀಕ್ಷೆಗೆ ಒಳಗಾದವನು ಕುಳಿತವನೇ. ಇಲ್ಲಿ ಕುಳಿತವನು ಪರೀಕ್ಷಿಸುತ್ತಾನೆ; ಒಳಗಾಗುವವರು ಹಾದುಹೋಗುವ ಧರ್ಮಿಷ್ಠರು. ಈ ದೃಷ್ಟಿಯಿಂದ ಅದು ಯೋಬನ ಪುಸ್ತಕಕ್ಕಿಂತ ಮತ್ತಾಯ 25ರ ನ್ಯಾಯತೀರ್ಪಿಗೂ, ಪಾಳೆಯದ ಹೊರಗೆ ಹೋಗಲು ಕರೆಯುವ ಇಬ್ರಿಯ 13ಕ್ಕೂ ಸಮೀಪ. ಹಾಗೆಂದು ಮಂಟೇಸ್ವಾಮಿಯನ್ನು ಅವಸರದಲ್ಲಿ ಕ್ರಿಸ್ತನ ನೆರಳನ್ನಾಗಿ ಮಾಡುವ ಉಪನ್ಯಾಸಗಳನ್ನು ನಾನು ಒಪ್ಪಲಾರೆ. ಯೆಶಾಯ 53ರ ಸೇವಕನು ಬಾಯಿ ತೆರೆಯದವನು. ಮಂಟೇಸ್ವಾಮಿ ಬಾಯಿ ಮುಚ್ಚದವನು. ಅವನು ಬೈಯುತ್ತಾನೆ, ಕೆಣಕುತ್ತಾನೆ, ಹಟ ಹಿಡಿಯುತ್ತಾನೆ. ಶಿಶುಮಗನಾಗಲು ಒಪ್ಪದ ಕಮ್ಮಾರರ ಹುಡುಗನನ್ನು ಕಾಡಿ ಕಾಡಿ ತನ್ನವನನ್ನಾಗಿ ಮಾಡಿಕೊಳ್ಳುತ್ತಾನೆ. ಸಿದ್ಧಪ್ಪಾಜಿಯಾದ ಆ ಹುಡುಗನನ್ನು ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿಗೆ, ಅವರ ಚಿತ್ರಹಿಂಸೆಯ ಬಾಯಿಗೆ, ಕಳುಹಿಸುತ್ತಾನೆ. ಇಂಥ ಗುರುವನ್ನು ಸೌಮ್ಯಗೊಳಿಸಿದರೆ ನಮ್ಮ ಉಪದೇಶಕ್ಕೆ ಒಂದು ದೃಷ್ಟಾಂತ ಸಿಗುತ್ತದೆ, ನೀಲಗಾರನ ಕಾವ್ಯ ಸಿಗುವುದಿಲ್ಲ. ಮಂಟೇಸ್ವಾಮಿಯ ಭಕ್ತಿಗೀತೆಗಳು ಮಾಡುವುದೂ ಇದನ್ನೇ. ಅವುಗಳಲ್ಲಿ ಜ್ಯೋತಿಯಿದೆ, ಪಾದವಿದೆ, ವರವಿದೆ. ತಿಪ್ಪೆ ಇಲ್ಲ.

ಚಿಕ್ಕಲ್ಲೂರಿನ ಜಾತ್ರೆಯ ಒಂದು ವಿವರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬನದ ಹುಣ್ಣಿಮೆಯಂದು ಚಂದ್ರಮಂಡಲ ಹೊತ್ತಿಸುವುದರಿಂದ ಆರಂಭವಾಗುವ ಐದು ದಿನಗಳಲ್ಲಿ ಪಂಕ್ತಿಸೇವೆಯ ದಿನವೊಂದಿದೆ. ಅಂದು ಮಾಂಸದಡಿಗೆಯನ್ನು ಜಾತಿ ಕೇಳದೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಪ್ರಾಣಿಬಲಿಯ ನಿಷೇಧದ ಹೆಸರಿನಲ್ಲಿ ಈ ಊಟಕ್ಕೂ ತಡೆ ಬಂದಾಗ, ಇದು ಬಲಿಯಲ್ಲ, ಸಹಪಂಕ್ತಿಯ ಸೇವೆ ಎಂದು ಒಕ್ಕಲಿನವರು ವಾದಿಸಿದರು. ಕರ್ತನ ಭೋಜನದ ಮೇಜಿನ ಬಳಿಗೆ ಜಾತಿಯ ಸಾಲು ಹಿಡಿದು ಬಂದ ಸಭೆಗಳ ಚರಿತ್ರೆಯುಳ್ಳ ನಾವು ಆ ವಾದವನ್ನು ದೂರದಿಂದ ನೋಡುವಂತಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಜಾನಪದದಿಂದ ಭಕ್ತಿಗೀತೆಗೆ ಆದ ತಿರುವಿನಲ್ಲಿ ನಡೆದದ್ದೇ ಕನ್ನಡ ಕ್ರೈಸ್ತ ಸಂಗೀತದಲ್ಲಿಯೂ ನಡೆಯಿತೆಂಬುದು ನನ್ನ ಅಭಿಪ್ರಾಯ. ಅದೂ ಎರಡು ಸಾರಿ.

ಮೊದಲನೆಯದು ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕನ್ನಡದ ಹಾಡುಗಳ ಬೆಲೆಯನ್ನು ಅರಿಯದೆ ಇರಲಿಲ್ಲ. ಹೆರ್ಮನ್ ಮೋಗ್ಲಿಂಗನು 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದನು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನು 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದು ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಹೇಳಿದನು. ನಿಘಂಟಿನ ಕಿಟ್ಟೆಲನನ್ನು ಕೊಂಡಾಡುವ ನಾವು ಕಥಾಮಾಲೆಯ ಕಿಟ್ಟೆಲನನ್ನು ಮರೆತಿದ್ದೇವೆ. ಸುವಾರ್ತೆಯು ಮೊದಲು ಕಥೆ, ಆಮೇಲೆ ಸ್ತುತಿ ಎಂಬುದನ್ನು ಅವನು ಕಂಡುಕೊಂಡಿದ್ದನು. ಆದರೂ ಭಾನುವಾರದ ಆರಾಧನೆಯಲ್ಲಿ ಮೊಳಗಿದ್ದು ಹೆಚ್ಚಾಗಿ ಜರ್ಮನ್ ಹಾಡುಗಳ ಸ್ವರ, ಕನ್ನಡದ ಮಾತು. ಕಥಾಮಾಲೆಗೆ ಇನ್ನೊಂದು ಮಿತಿಯೂ ಇತ್ತು. ಅದನ್ನು ಬರೆದವನು ಛಂದಸ್ಸನ್ನು ಬಲ್ಲ ವಿದ್ವಾಂಸ. ಮನೆ ಮನೆಯ ಬಾಗಿಲಲ್ಲಿ ನಿಂತು, ಕೇಳುವವರ ಮುಖ ನೋಡಿ ಕಥೆಯನ್ನು ಹಿಗ್ಗಿಸಿ ಕುಗ್ಗಿಸುವ ಹಾಡುಗಾರನಲ್ಲ.

ಎರಡನೆಯದು ನಮ್ಮ ಕಾಲದ್ದು. 1963ರಲ್ಲಿ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನೆಯನ್ನು ಕುರಿತ ತನ್ನ ವಿಧಾಯಕದ 119ನೆಯ ಪರಿಚ್ಛೇದದಲ್ಲಿ ಸ್ಥಳೀಯ ಜನರ ಸಂಗೀತ ಸಂಪ್ರದಾಯಗಳಿಗೆ ತಕ್ಕ ಸ್ಥಾನ ಕೊಡಬೇಕೆಂದಿತು. ಕಥೋಲಿಕರೂ ಪ್ರೊಟೆಸ್ಟಂಟರೂ ದೇಶೀಯ ಸಂಗೀತದತ್ತ ಮುಖಮಾಡಿದರು. ಆದರೆ ದೇಶೀಯವೆಂದಾಗ ನಮಗೆ ಮೊದಲು ನೆನಪಾದದ್ದು ಶಾಸ್ತ್ರೀಯ ರಾಗಗಳು, ಭಜನೆಯ ಧಾಟಿ; ಆಮೇಲೆ ಚಿತ್ರಗೀತೆಯ ಮಟ್ಟು. ಜಾನಪದವನ್ನು ಕರೆದಾಗಲೂ ಅದರ ಮಟ್ಟನ್ನು ಮಾತ್ರ ಕರೆದೆವು. ತಮಟೆಯನ್ನು ಕ್ರಿಸ್ಮಸ್ ಸಂಜೆಗೆ, ಕಂಸಾಳೆಯನ್ನು ಬಿಷಪರ ಸ್ವಾಗತಕ್ಕೆ. ಜಾನಪದದ ಕಲಾವಿದನೊಬ್ಬನು ಸಭೆಗೆ ಬಂದರೆ ಅವನಿಂದ ನಾವು ಕೇಳುವುದು ಒಂದು ‘ಕ್ರೈಸ್ತ ಭಕ್ತಿಗೀತೆ’. ಅವನು ಕೊಡುವುದೂ ಅದನ್ನೇ, ಏಕೆಂದರೆ ಕೇಳಿದ್ದು ಅಷ್ಟೇ. ಹಾಗೆ ಅವನು ತಿರುಗಿದನೆಂದು ನಾವು ಸಂತೋಷಪಡುತ್ತೇವೆ.

ಮಧುರೆಯ ತಮಿಳುನಾಡು ಥಿಯೋಲಾಜಿಕಲ್ ಸೆಮಿನರಿಯಲ್ಲಿ ಕಲಿಸುತ್ತಿದ್ದ, 2005ರಲ್ಲಿ ತೀರಿಕೊಂಡ ಜೆ. ತೆಯೋಫಿಲಸ್ ಅಪ್ಪಾವು ಇದನ್ನು ನಮಗಿಂತ ಮೊದಲೇ ಕಂಡಿದ್ದರು. ‘ಪರಟ್ಟೈ’ ಎಂಬ ಹೆಸರಿನಿಂದ ಬಲ್ಲವರಾಗಿದ್ದ ಅವರು ಸಭೆಯ ಕರ್ನಾಟಕ ಶೈಲಿಯ ಕೀರ್ತನೆಗಳಲ್ಲಿ ಮೇಲ್ಜಾತಿಯ ರುಚಿ ನೆಲೆಸಿರುವುದನ್ನು ಗುರುತಿಸಿ ಇಡೀ ಆರಾಧನಾಕ್ರಮವನ್ನೇ ಹಳ್ಳಿಯ ಸಂಗೀತದಲ್ಲಿ ಕಟ್ಟಿದರು. ಅವರ ವಾದದ ತಿರುಳು ಮಟ್ಟಿನ ಕುರಿತಾದದ್ದಲ್ಲ: ಜಾನಪದದ ಹಾಡನ್ನು ಹಾಡುವವರು ಅದನ್ನು ಬದಲಿಸಬಲ್ಲರು, ಅದರೊಳಗೆ ತಮ್ಮ ದೂರನ್ನು ಸೇರಿಸಬಲ್ಲರು, ಅದಕ್ಕಾಗಿಯೇ ಅದು ವಿಮೋಚನೆಯ ಸಂಗೀತ. ಕನ್ನಡದಲ್ಲಿ ನಾವು ಅವರಿಂದ ಮಟ್ಟಿನ ಪಾಠವನ್ನು ಕಲಿತೆವೇ ಹೊರತು ದೂರಿನ ಪಾಠವನ್ನಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. 88ನೆಯ ಕೀರ್ತನೆಗೆ ಬೆಳಕಿನ ಅಂತ್ಯವೂ ಇಲ್ಲ. ನಮ್ಮ ಸಂಗೀತ ಪುಸ್ತಕವನ್ನೋ ಈಗಿನ ಸ್ತುತಿಗೀತೆಗಳ ಪರದೆಯನ್ನೋ ಈ ಅಳತೆಯಿಂದ ನೋಡಿದರೆ ಕೊರತೆ ಎಲ್ಲಿದೆಯೆಂದು ಯಾವ ಸಭಾಪಾಲಕನಿಗೂ ತಿಳಿಯುತ್ತದೆ. ಆಲಿಕಲ್ಲಿನ ಮಳೆಗೆ ಬೆಳೆ ನೆಲಕಚ್ಚಿದ ವಾರವೂ ನಾವು ಹಾಡುವುದು ಜಯಗೀತೆ.

ಹಾಗಾದರೆ ನೀಲಗಾರನನ್ನು ಕರೆದು ಶುಭಶುಕ್ರವಾರದ ಹಿಂದಿನ ಇರುಳು ಯೇಸುವಿನ ಶ್ರಮೆಯನ್ನು ಒಂದು ಸಾಲಾಗಿ ಹಾಡಿಸಬಹುದಲ್ಲವೇ ಎಂದು ಈ ಪತ್ರಿಕೆಯ ಉತ್ಸಾಹಿ ಓದುಗರು ಕೇಳಬಹುದು. ನಾನೂ ಹಾಗೆ ಯೋಚಿಸಿದ್ದುಂಟು. ಗೆತ್ಸೆಮನೆಯಿಂದ ಗೊಲ್ಗೊಥಾವರೆಗಿನ ಕಥೆಗೆ ಮೂರು ನಿಮಿಷದ ಗೀತೆ ಸಾಲದು. ಪೇತ್ರನ ನಿರಾಕರಣೆಗೂ ಯೂದನ ಲೆಕ್ಕಾಚಾರಕ್ಕೂ ಪಿಲಾತನ ಕೈತೊಳೆತಕ್ಕೂ ಹಿಗ್ಗುವ ಕುಗ್ಗುವ, ನಡುವೆ ನಿಂತು ಮಾತಾಡುವ, ಹಿಮ್ಮೇಳದವನ ಪ್ರಶ್ನೆಗೆ ಉತ್ತರ ಕೊಡುವ ರೀತಿಯೇ ಬೇಕು. ಆ ರೀತಿಯನ್ನು ಬಲ್ಲವರು ಉಮ್ಮತ್ತೂರಿನ ಸೀಮೆಯಲ್ಲಿ ಈಗಲೂ ಇದ್ದಾರೆ. ಸಭೆಯೊಳಗಿನವರೇ, ಅಜ್ಜನ ತಂಬೂರಿಯ ನೆನಪಿರುವವರು, ಅದನ್ನು ಕಲಿಯುವುದಾದರೆ ಇನ್ನೂ ಒಳ್ಳೆಯದು. ಆದರೆ ಬ್ಯಾಪ್ಟಿಸಮ್ ಆದ ದಿನ ಆ ತಂಬೂರಿಯನ್ನು ಕೆಳಗಿಡಬೇಕೆಂದು ಎಷ್ಟೋ ಮನೆಗಳಿಗೆ ಹೇಳಿದವರು ನಾವೇ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಹೊರಗಿನಿಂದ ಕರೆಯುವುದಾದರೆ ತೊಡಕು ಬೇರೆ. ದೀಕ್ಷೆಯಾದ ನೀಲಗಾರನು ತಂಬೂರಿ ಎತ್ತಿಕೊಂಡಾಗ ಮೊದಲು ಹಾಡುವುದು ಕಥೆಯನ್ನಲ್ಲ, ತನ್ನ ಗುರುವಿನ ಸ್ತುತಿಯನ್ನು. ಆ ಪದವಿಲ್ಲದೆ ಅವನ ಬಾಯಿ ತೆರೆಯುವುದಿಲ್ಲ. ಅದು ಪೀಠಿಕೆಯಲ್ಲ, ಅವನನ್ನು ಹಾಡುಗಾರನನ್ನಾಗಿ ಮಾಡಿದ ಮಾತು. ನಮ್ಮ ಸಭಾಸಮಿತಿ ಖಂಡಿತವಾಗಿ ಅವನಿಗೆ ಹೇಳುವುದೇನೆಂದರೆ, ಅದೊಂದನ್ನು ಬಿಟ್ಟು ಉಳಿದದ್ದನ್ನು ಹಾಡಿರಿ, ಸಂಭಾವನೆ ಕೊಡುತ್ತೇವೆ ಎಂದು. ಬಡವನಾದ ಅವನು ಒಪ್ಪಲೂಬಹುದು. ಅವನ ತಾಯಿ ಹೊತ್ತ ಹರಕೆಗೆ ಆಗ ನಾವು ಕಟ್ಟಿದ ಬೆಲೆ ಎಷ್ಟೆಂದು ಸಮಿತಿಯ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಾದೀತು. ಅವನು ಒಪ್ಪದೆ, ತಂಬೂರಿಯನ್ನು ಹೆಗಲಿಗೇರಿಸಿ ಹೊರಟರೆ, ದೇವಾಲಯದ ಬಾಗಿಲವರೆಗೆ ಹೋಗಿ ಅವನನ್ನು ಕಳುಹಿಸಿಕೊಡುವ ಸಭಾಪಾಲಕನು ಅವನಿಗೆ ಏನು ಹೇಳಬೇಕು?